ನೈರೋಬಿಯ ಬೆಳಕು ಮತ್ತು ಉತ್ತರದೇಶದ ಒಬ್ಬ ಚಿತ್ರಕಾರ

ನಮ್ಮ ಆಲಂಕಾರಿಕರ ಮತದಂತೆ ಚಂದ್ರೋದಯ, ಮಲಯಮಾರುತ, ಉಪವನ ಮೊದಲಾದವು ಉದ್ದೀಪನ ವಿಭಾವಗಳು. ನಾಯಕನಾಯಿಕೆಯರಲ್ಲಿ ಆಗಲೇ ಅಂಕುರಿಸಿದ ಭಾವವನ್ನು ಪೋಷಿಸುವುದಷ್ಟೇ ಅವುಗಳ ಕಾರ್ಯ. ಯೂರೋಪಿನ ರಮ್ಯಪಂಥದ ಭೂದೃಶ್ಯಚಿತ್ರವು ಈ ಕ್ರಮವನ್ನು ವ್ಯತ್ಯಾಸಗೊಳಿಸಿತು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ಕನು (1774–1840) ಮಂಜಿನ ಕಡಲನ್ನು ದಿಟ್ಟಿಸುತ್ತ ಶಿಖರದಲ್ಲಿ ನಿಂತ ಮನುಷ್ಯನ ಬೆನ್ನನ್ನು ಮಾತ್ರ ನಮಗೆ ತೋರಿಸಿರುವನು. ಮುಖವೇ ಕಾಣದಿರಲು ಭಾವವನ್ನು ಹೊರುವ ಹೊಣೆ ಬಂಡೆಗೂ ಮಂಜಿಗೂ ಸಂದು, ಪ್ರಕೃತಿಯೇ ಭಾವದ ಮೂಲಾಧಾರವಾದ ಆಲಂಬನವಾಯಿತು.

ಈ ಪರಂಪರೆಯ ರಾಷ್ಟ್ರೀಯ ಶಾಖೆಯೊಂದು ಫಿನ್ಲೆಂಡಿನಲ್ಲಿ ಬೆಳೆಯಿತು. ಅದರ ಅಗ್ರಗಣ್ಯ ಚಿತ್ರಕಾರ ಆಕ್ಸೆಲಿ ಗಾಲೆನ್-ಕಾಲೆಲಾ (1865–1931). ರಷ್ಯದ ಚಕ್ರಾಧಿಪತ್ಯಕ್ಕೆ ಅಧೀನವಾಗಿದ್ದ ಆ ಜನಕ್ಕೆ ಅವನು ‘ಕಾಲೇವಲ’ ಮಹಾಕಾವ್ಯದ ವೀರರನ್ನಷ್ಟೇ ಅಲ್ಲದೆ ಕಾಡು ಕೊಳಗಳನ್ನೂ ಚಿತ್ರಿಸಿಕೊಟ್ಟನು. 1905ರ ಕೆಯ್ಟೆಲೆ ಸರೋವರದ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನೀರಿನ ಮೇಲೆ ಓರೆಯಾಗಿ ಹರಿದ ಬೆಳ್ಳಿಯ ಗೀರುಗಳನ್ನು ನೋಡಿದವರಿಗೆ ಆ ಕಾವ್ಯದ ಪುರಾತನನೊಬ್ಬನ ದೋಣಿ ಈಗತಾನೆ ಹಾದುಹೋಯಿತೆಂಬ ಭ್ರಮೆ ಹುಟ್ಟುವುದು.

ಇಂಥವನು 1909ರಲ್ಲಿ ಹೆಂಡತಿ ಮಕ್ಕಳೊಡನೆ ನೈರೋಬಿಗೆ ಬಂದನು. ರೈಲುದಾರಿಯ ಶಿಬಿರವಾಗಿ 1899ರಲ್ಲಿ ಹುಟ್ಟಿದ ಆ ಊರಿಗೆ ಆಗ ಹತ್ತೇ ವರ್ಷ. ಆ ದಾರಿಯನ್ನು ಹಾಕಿದ ಕೈಗಳು ಬಹುಪಾಲು ನಮ್ಮ ದೇಶದ ಕೂಲಿಗಳವು ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಕುಂಚದೊಡನೆ ಬಂದೂಕವನ್ನೂ ಹಿಡಿದು ಅಲೆದ ಅವನು ನೂರೈವತ್ತಕ್ಕೂ ಮಿಕ್ಕಿ ತೈಲಚಿತ್ರಗಳನ್ನು ಬರೆದನು. ಅವುಗಳಲ್ಲಿ ಹಿಂದಿನ ವಿಷಾದವಾಗಲಿ ಪುರಾಣದ ಛಾಯೆಯಾಗಲಿ ಕಾಣದು. ವರ್ಣಗಳು ಬೆರಕೆಯಿಲ್ಲದೆ ಉರಿಯುತ್ತವೆ. ಭೂಮಧ್ಯರೇಖೆಯ ಸನಿಹದಲ್ಲಿ, ಸುಮಾರು 5,500 ಅಡಿ ಎತ್ತರದಲ್ಲಿ, ನಡುಹಗಲಿನ ಸೂರ್ಯನು ನೆತ್ತಿಯ ಮೇಲೆ ನಿಂತು ನೆರಳನ್ನು ಬುಡಕ್ಕೆ ಅಡಗಿಸುವನು. ಉತ್ತರದೇಶದ ನೀಳವಾದ ಸಂಜೆಯನ್ನೂ ಮಬ್ಬನ್ನೂ ನೆಚ್ಚಿದ ಶೈಲಿಗೆ ಅಲ್ಲಿ ಆಶ್ರಯವೆಲ್ಲಿ? ನಮ್ಮ ಕೆ. ವೆಂಕಟಪ್ಪನವರು ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದ ಸಾವಧಾನಕ್ಕೂ ಗಾಲೆನ್-ಕಾಲೆಲಾನ ಈ ಆತುರಕ್ಕೂ ಬಹಳ ಅಂತರವುಂಟು. ನನ್ನ ಎಣಿಕೆಯಲ್ಲಿ ಈ ಚಿತ್ರಗಳ ಸ್ಥಾಯಿಭಾವ ವಿಸ್ಮಯವೇ ಹೊರತು ಧ್ಯಾನವಲ್ಲ. ಕೆಯ್ಟೆಲೆಯ ನೀರಿಗೆ ಕಾವ್ಯದ ಸಂಸ್ಕಾರವಿತ್ತು. ಇಲ್ಲಿಯ ಹುಲ್ಲುಗಾವಲು ಅವನ ಕಣ್ಣಿಗೆ ಎಟುಕಿದರೂ ಸ್ಮೃತಿಗೆ ಎಟುಕಲಿಲ್ಲ.

ಆ ನೆಲಕ್ಕೆ ಸ್ಮೃತಿಯೇ ಇರಲಿಲ್ಲವೆಂದಲ್ಲ. ಕೆನ್ಯಾ ಪರ್ವತವನ್ನು ಕಿಕುಯು ಜನರು ಕಿರಿನ್ಯಾಗಾ ಎಂದು ಕರೆದು, ದೇವರಾದ ನ್ಗಾಯ್‌ನ ನೆಲೆಯೆಂದು ನಂಬಿ, ಅದರತ್ತ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಆ ಜನಾಂಗದವನೇ ಆದ ಜೋಮೋ ಕೆನ್ಯಾಟಾ 1938ರಲ್ಲಿ ಪ್ರಕಟಿಸಿದ ‘ಫೇಸಿಂಗ್ ಮೌಂಟ್ ಕೆನ್ಯಾ’ ಗ್ರಂಥಕ್ಕೆ ಈ ಆಚಾರದಿಂದಲೇ ಹೆಸರು ಬಂದಿತು. ಅದೇ ಎತ್ತರದ ಫಲವತ್ತಾದ ಭೂಮಿಯನ್ನು ಬ್ರಿಟಿಷ್ ಆಡಳಿತವು ಬಿಳಿಯರಿಗೆ ಮೀಸಲಿಡುತ್ತಿದ್ದ ಕಾಲದಲ್ಲೇ ಗಾಲೆನ್-ಕಾಲೆಲಾ ಅಲ್ಲಿ ಅಲೆದದ್ದು. ರಮ್ಯಚಿತ್ರದ ನಿರ್ಜನತೆಯು ಫಿನ್ಲೆಂಡಿನಲ್ಲಿ ಪರಾಧೀನರ ಸ್ವಾಭಿಮಾನವಾಗಿದ್ದರೆ, ಇಲ್ಲಿ ಅದೇ ನಿರ್ಜನತೆ ಒಕ್ಕಲೆಬ್ಬಿಸಿದವರಿಗೆ ಅನುಕೂಲವಾದ ಸುಳ್ಳಾಗಬಹುದಿತ್ತು. ಚಿತ್ರಕಾರನಿಗೆ ಇದರ ಅರಿವಿತ್ತೆಂದು ಆ ಚಿತ್ರಗಳು ಹೇಳುವುದಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ಅವನು ಸ್ವದೇಶಕ್ಕೆ ಮರಳಿ, 1928ರಲ್ಲಿ ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಳಚಾವಣಿಯಲ್ಲಿ ಮತ್ತೆ ಕಾಲೇವಲವನ್ನೇ ಬರೆದನು.