ಗೋಧಿ ಹೋಯ್ತು, ಬಟಾಣಿ ಬಂತು

ನಮ್ಮ ಕಡೆ ಅಂಗಡಿಗೆ ಹೋಗಿ ‘ಪೆಡಿಗ್ರಿ ಕೊಡಿ’ ಅಂದರೆ ಸಾಕು, ಯಾವ ಕಂಪನಿಯದಾದರೂ ಸರಿ, ಕಂದು ಬಣ್ಣದ ಒಣ ಕಾಳುಗಳ ಚೀಲವೊಂದು ಕೈಗೆ ಬರುತ್ತೆ. ಹಿಂದೆ ವನಸ್ಪತಿಗೆಲ್ಲ ಡಾಲ್ಡಾ ಅಂತಿದ್ದರಲ್ಲ, ಹಾಗೆ. ಚೀಲದ ಮುಂದೆ ಮೈ ಹೊಳೆಯುವ ನಾಯಿ, ಪಕ್ಕದಲ್ಲಿ ಕೋಳಿ ತೊಡೆ, ಎರಡು ಕ್ಯಾರೆಟ್. ನಾನು ಮಾತ್ರ ಚೀಲ ತಿರುಗಿಸಿ ಹಿಂದಿರೋ ಸಣ್ಣ ಅಕ್ಷರ ಓದುವವಳು. ಆ ಪಟ್ಟಿ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹೇಗೆ ಹೇಗೆ ಬದಲಾಯಿತು ಅಂತ ಕೆದಕುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತೆ. ನಾಯಿಯ ಹೊಟ್ಟೆ ಕೇಳಿತು ಅಂತ ಆದ ಬದಲಾವಣೆ ಬಹಳ ಕಮ್ಮಿ. ಒಮ್ಮೆ ಯುದ್ಧ ಕೇಳಿತು, ಒಮ್ಮೆ ಯಂತ್ರ ಕೇಳಿತು, ಇತ್ತೀಚೆಗೆ ನಾಯಿ ಸಾಕಿದವರ ಭಯ ಕೇಳಿತು.

ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ನಾವು ಬೆಳಿಗ್ಗೆ ಇಡ್ಲಿ ತಿಂತೀವಿ, ಮಧ್ಯಾಹ್ನ ಮುದ್ದೆ, ಸಂಜೆ ಒಂದು ಬಾಳೆಹಣ್ಣು. ಒಂದರಲ್ಲಿ ಏನೋ ಕೊರತೆ ಇದ್ದರೆ ಇನ್ನೊಂದು ತುಂಬಿಕೊಡುತ್ತೆ. ಚೀಲದ ನಾಯಿಗೆ ಆ ಅನುಕೂಲ ಇಲ್ಲ. ಅದಕ್ಕೆ ದಿನಾ ಎರಡು ಹೊತ್ತು ಅದೇ ಚೀಲ, ಹತ್ತು ಹನ್ನೆರಡು ವರ್ಷ. ಕಾರ್ಖಾನೆಯಲ್ಲಿ ಕೈತಪ್ಪಿದ ಒಂದು ಚಿಟಿಕೆ ಪೂರ್ತಿ ಅದರ ತಟ್ಟೆಗೇ ಬೀಳುತ್ತೆ.

ಕತೆ ಶುರುವಾಗೋದು ಲಂಡನ್ನಿನಲ್ಲಿ, 1860ರ ಆಸುಪಾಸು. ಜೇಮ್ಸ್ ಸ್ಪ್ರ್ಯಾಟ್ ಅನ್ನೋ ಅಮೆರಿಕನ್ ಇಂಗ್ಲೆಂಡಿಗೆ ಬಂದದ್ದು ಕಟ್ಟಡಗಳಿಗೆ ಹಾಕೋ ಸಿಡಿಲು ತಡೆಯ ಸರಳು ಮಾರಲು. ಬಂದರಿನಲ್ಲಿ ಹಡಗಿನವರು ಬಿಸಾಡಿದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಡಿಯೋದು ನೋಡಿ ಅವನಿಗೆ ಹೊಸ ವ್ಯಾಪಾರ ಹೊಳೆಯಿತು ಅಂತ ಹೇಳುತ್ತಾರೆ. ಗೋಧಿ, ತರಕಾರಿ, ಬೀಟ್‌ರೂಟ್, ಜೊತೆಗೆ ಹುಲ್ಲುಗಾವಲಿನ ದನದ ಒಣ ಮಾಂಸ ಸೇರಿಸಿ ಸುಟ್ಟ ಬಿಲ್ಲೆ ಅದು. ಮಾಂಸ ಎಲ್ಲಿಂದ ಬರುತ್ತೆ ಅನ್ನೋದನ್ನ ಅವನು ಗುಟ್ಟಾಗಿಯೇ ಇಟ್ಟ. ಅಂದರೆ ಪಟ್ಟಿಯಲ್ಲಿ ಮಸುಕು ಇಡೋ ಅಭ್ಯಾಸಕ್ಕೂ ಉದ್ಯಮದಷ್ಟೇ ವಯಸ್ಸು! ಅವನ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ ಅನ್ನೋ ಹುಡುಗನೇ ಮುಂದೆ ಕ್ರಫ್ಟ್ಸ್ ನಾಯಿ ಪ್ರದರ್ಶನ ಶುರುಮಾಡಿದ್ದು. ನಾಯಿ ಅಂತಸ್ತಿನ ವಸ್ತು ಆಗದಿದ್ದರೆ ಅದಕ್ಕೆ ದುಡ್ಡು ಕೊಟ್ಟು ಬಿಸ್ಕತ್ತು ಕೊಳ್ಳೋರು ಯಾರು ಹೇಳಿ.

ಆಮೇಲೆ ಡಬ್ಬಿಯ ಕಾಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕಾರು, ಟ್ರ್ಯಾಕ್ಟರು ಬಂದು ಕುದುರೆಗಳಿಗೆ ಕೆಲಸ ತಪ್ಪಿತು. 1922ರಲ್ಲಿ ಕೆನ್-ಎಲ್ ರೇಷನ್ ಅನ್ನೋ ಹೆಸರಲ್ಲಿ ಕುದುರೆ ಮಾಂಸ ಡಬ್ಬಿ ಸೇರಿ ನಾಯಿಗೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ತವರ ಸೈನ್ಯಕ್ಕೆ ಬೇಕಾಯಿತು, ನಾಯಿ ಊಟದ ಡಬ್ಬಿಗೆ ಕತ್ತರಿ ಬಿತ್ತು. ಕಂಪನಿಗಳೆಲ್ಲ ಕಾಗದದ ಚೀಲಕ್ಕೆ, ಅಂದರೆ ಒಣ ಆಹಾರಕ್ಕೆ ತಿರುಗಿದವು. ಒಣ ಊಟವೇ ನಾಯಿಗೆ ಒಳ್ಳೇದು, ಹಲ್ಲು ಗಟ್ಟಿಯಾಗುತ್ತೆ ಅನ್ನೋ ಜಾಹೀರಾತೆಲ್ಲ ಆಮೇಲಿನ ಮಾತು. ಮೊದಲ ಕಾರಣ ಡಬ್ಬಿ ಸಿಗಲಿಲ್ಲ ಅಷ್ಟೇ.

ಮುಂದಿನದು ಯಂತ್ರ. ಇದೊಂದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನ ಎಲ್ಲ ಗೊಂದಲದ ಬೇರು ಇಲ್ಲಿದೆ. ರಾಲ್ಸ್ಟನ್ ಪ್ಯೂರಿನಾ ಕಂಪನಿ ಬೆಳಗಿನ ತಿಂಡಿಯ ಸೀರಿಯಲ್ ಮಾಡುತ್ತಿತ್ತು. ಅದಕ್ಕೆ ಬಳಸೋ ಎಕ್ಸ್‌ಟ್ರೂಡರ್ ಯಂತ್ರವನ್ನೇ ನಾಯಿ ಊಟಕ್ಕೆ ಹಚ್ಚಿ 1957ರಲ್ಲಿ ಡಾಗ್ ಚೌ ಮಾರುಕಟ್ಟೆಗೆ ಬಿಟ್ಟಿತು. ನಮ್ಮ ಚಕ್ಕುಲಿ ಒರಳನ್ನ ನೆನಪಿಸಿಕೊಳ್ಳಿ. ಒಳಗೆ ಹಿಟ್ಟಿನ ಬದಲು ಧಾನ್ಯ, ಮಾಂಸದ ಪುಡಿ, ನೀರು ಕಲಸಿದ ಹದ. ಕೈಯೊತ್ತಿನ ಬದಲು ತಿರುಗೋ ಸ್ಕ್ರೂ, ಹಬೆ, ಭಾರಿ ಒತ್ತಡ. ಬಿಲ್ಲೆಯ ತೂತಿನಿಂದ ಹೊರಬಿದ್ದ ತಕ್ಷಣ ಒತ್ತಡ ಇಳಿದು ಒಳಗಿನ ನೀರು ಆವಿಯಾಗಿ ಕಾಳು ಪುರಿಯ ಹಾಗೆ ಉಬ್ಬುತ್ತೆ. ಅದನ್ನ ಒಣಗಿಸಿ ಮೇಲೆ ಕೊಬ್ಬು ಸಿಂಪಡಿಸುತ್ತಾರೆ. ನಾಯಿ ಬಾಲ ಆಡಿಸೋದು ಹೆಚ್ಚಾಗಿ ಆ ಮೇಲಿನ ಲೇಪಕ್ಕೆ.

ಹೀಗೆ ಉಬ್ಬೋಕೆ, ಉಬ್ಬಿದ್ದು ಪುಡಿಯಾಗದೆ ನಿಲ್ಲೋಕೆ ಪಿಷ್ಟ ಬೇಕೇ ಬೇಕು. ಬರೀ ಮಾಂಸ ಹಾಕಿದರೆ ಯಂತ್ರದಿಂದ ಕಾಳು ಬರೋದಿಲ್ಲ. ಮೆಕ್ಕೆಜೋಳ, ಗೋಧಿ, ಅಕ್ಕಿ ಪಟ್ಟಿಯ ಮೇಲ್ತುದಿಗೆ ಏರಿದ್ದು ಅಗ್ಗ ಅನ್ನೋ ಕಾರಣಕ್ಕೆ ಎಷ್ಟೋ, ಯಂತ್ರಕ್ಕೆ ಬೇಕು ಅನ್ನೋ ಕಾರಣಕ್ಕೂ ಅಷ್ಟೇ.

ಕೊಬ್ಬು ಸಿಂಪಡಿಸಿದ ಮೇಲೆ ಇನ್ನೊಂದು ತಾಪತ್ರಯ, ಕಮಟು. ತಿಂಗಳುಗಟ್ಟಲೆ ಗೋದಾಮಿನಲ್ಲಿರೋ ಚೀಲಕ್ಕೆ ಕಮಟು ಹಿಡಿಯದ ಹಾಗೆ ಎಥಾಕ್ಸಿಕ್ವಿನ್ ಅನ್ನೋ ರಾಸಾಯನಿಕ ಸೇರಿಸತೊಡಗಿದರು. ಮಾನ್ಸಾಂಟೊ ಕಂಪನಿಯ ಮಾಲು, ರಬ್ಬರ್ ಬಿರಿಯದಂತೆ ತಡೆಯಲೂ ಬಳಸುತ್ತಿದ್ದದ್ದು. 80ರ ದಶಕದ ಕೊನೆಗೆ ಸಾಕಿದವರಿಂದ ದೂರು ಹೆಚ್ಚಿದವು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, 1997ರಲ್ಲಿ ಕಂಪನಿಗಳನ್ನ ಕೇಳಿಕೊಂಡಿತು: ಹತ್ತು ಲಕ್ಷಕ್ಕೆ 150 ಭಾಗ ಇರೋ ಮಿತಿಯನ್ನ ನೀವಾಗಿಯೇ 75ಕ್ಕೆ ಇಳಿಸಿ ಅಂತ. ಆದೇಶ ಅಲ್ಲ, ಕೋರಿಕೆ. ಪಟ್ಟಿಯಲ್ಲಿ ವಿಟಮಿನ್ ಇ ಜಾತಿಯ ಟೊಕೊಫೆರಾಲ್, ರೋಸ್‌ಮೆರಿ ಸೊಪ್ಪಿನ ಸಾರ ಕಾಣಿಸಿಕೊಂಡವು. ಒಂದು ಹಿಂಬಾಗಿಲು ಮಾತ್ರ ತೆರೆದೇ ಇತ್ತು. ಮೀನಿನ ಪುಡಿ ಹಡಗಿನಲ್ಲಿ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತೋ ಸರಕು, ಅದಕ್ಕೆ ಸಾಗಣೆಗೂ ಮೊದಲೇ ಇಂಥ ರಾಸಾಯನಿಕ ಬೆರೆಸುತ್ತಿದ್ದರು. ‘ನಾವು ಸೇರಿಸಿಲ್ಲ’ ಅಂತ ಚೀಲದವರು ಹೇಳಿದರೆ ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯುರೋಪು 2017ರಲ್ಲಿ ಪಶು ಆಹಾರಕ್ಕೆ ಅದರ ಅನುಮತಿಯನ್ನೇ ಅಮಾನತಿನಲ್ಲಿಟ್ಟಿತು.

ಇಷ್ಟರವರೆಗೆ ಕುಂಟುತ್ತಾ ನಡೆದಿದ್ದ ಕತೆ 2007ರ ಮಾರ್ಚ್ 16ಕ್ಕೆ ಮುಗ್ಗರಿಸಿತು. ಕೆನಡಾದ ಮೆನು ಫುಡ್ಸ್ ಕಂಪನಿ ಸುಮಾರು 6 ಕೋಟಿ ಡಬ್ಬಿ, ಪೊಟ್ಟಣಗಳನ್ನ ವಾಪಸ್ ಕರೆಯಿತು. ರುಚಿ ನೋಡಲು ಕಂಪನಿಯವರೇ ತಿನ್ನಿಸಿದ್ದ ಪ್ರಾಣಿಗಳಲ್ಲೂ ಕೆಲವು ಮೂತ್ರಪಿಂಡ ಕೆಟ್ಟು ಸತ್ತಿದ್ದವು. ಬಹುಪಾಲು ಅದು ಗ್ರೇವಿ ಇರೋ ಹಸಿ ಆಹಾರ. ಆದರೆ ಪಟ್ಟಿ ಬೆಳೆಯುತ್ತಾ ಹೋಗಿ ಕೆಲವು ಒಣ ಆಹಾರಗಳೂ ಸಿಕ್ಕಿಬಿದ್ದವು. ಅಂಗಡಿಗೆ ಹೋದರೆ ಬೇರೆ ಬೇರೆ ಹೆಸರು, ಬೇರೆ ಬೇರೆ ಬೆಲೆಯ ನೂರಕ್ಕೂ ಹೆಚ್ಚು ಬ್ರ್ಯಾಂಡುಗಳು. ಹಿಂದೆ ಹೋಗಿ ನೋಡಿದರೆ ಅವುಗಳಲ್ಲಿ ಎಷ್ಟೋ ಒಂದೇ ಅಡುಗೆಮನೆಯವು! ಜನ ದಂಗಾದದ್ದು ವಿಷಕ್ಕೆ ಎಷ್ಟೋ, ಈ ಗುಟ್ಟು ಬಯಲಾದದ್ದಕ್ಕೂ ಅಷ್ಟೇ.

ವಿಷದ ಲೆಕ್ಕ ಸರಳ. ಹಿಟ್ಟಿನಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೇರವಾಗಿ ಅಳೆಯೋದಿಲ್ಲ. ಸಾರಜನಕ ಎಷ್ಟಿದೆ ಅಂತ ನೋಡಿ 6.25ರಿಂದ ಗುಣಿಸುತ್ತಾರೆ. ಪ್ಲಾಸ್ಟಿಕ್ ತಟ್ಟೆ ಮಾಡೋಕೆ ಬಳಸೋ ಮೆಲಮೈನ್ ಅನ್ನೋ ಪುಡಿಯ ತೂಕದಲ್ಲಿ ನೂರಕ್ಕೆ 66 ಭಾಗ ಸಾರಜನಕವೇ. ಚೀನಾದಿಂದ ‘ಗೋಧಿ ಗ್ಲೂಟನ್’ ಅಂತ ಬಂದ ಮೂಟೆಗಳಲ್ಲಿ ಇದ್ದದ್ದು ಸಾದಾ ಗೋಧಿ ಹಿಟ್ಟು, ಅದಕ್ಕೆ ಮೆಲಮೈನ್ ಮತ್ತು ಅದರ ಬಂಧು ಸಯನ್ಯೂರಿಕ್ ಆಮ್ಲದ ಬೆರಕೆ. ಪರೀಕ್ಷೆಯಲ್ಲಿ ಭರ್ಜರಿ ಪ್ರೋಟೀನ್, ನಾಯಿಯ ಮೂತ್ರಪಿಂಡದಲ್ಲಿ ಎರಡೂ ಕೂಡಿ ಹರಳು. ಹಾಲಿಗೆ ನೀರು ಬೆರೆಸಿ ಲ್ಯಾಕ್ಟೋಮೀಟರಿಗೆ ಮೋಸ ಮಾಡೋ ಬುದ್ಧಿಯೇ, ಪ್ರಮಾಣ ಮಾತ್ರ ಖಂಡಾಂತರದ್ದು. ಮುಂದಿನ ವರ್ಷವೇ ಚೀನಾದಲ್ಲಿ ಇದೇ ಮೆಲಮೈನ್ ಮಕ್ಕಳ ಹಾಲಿನ ಪುಡಿಗೆ ಸೇರಿ ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, 6 ಮಕ್ಕಳು ಸತ್ತವು. ನಾಯಿ ಬೆಕ್ಕು ಮೊದಲೇ ಎಚ್ಚರಿಕೆ ಕೊಟ್ಟು ಹೋಗಿದ್ದವು.

ಸರಿ, ಇದರಲ್ಲಿ ತಪ್ಪು ಯಾರದು? ಕಲಬೆರಕೆ ಮಾಡಿದವನದು, ಮೂಟೆ ಬಿಚ್ಚಿ ನೋಡದವನದು. ಆದರೆ ಸಾಕಿದವರ ಮನಸ್ಸಿನಲ್ಲಿ ಉಳಿದ ಪದ ‘ಗೋಧಿ’. ಗೋಧಿ ಕೊಂದಿತು, ಧಾನ್ಯವೇ ಬೇಡ. ಮನುಷ್ಯರ ಪಥ್ಯದಲ್ಲೂ ಆಗ ಗ್ಲೂಟನ್ ಇಲ್ಲದ ಊಟದ ಗಾಳಿ ಬೀಸಲು ಶುರುವಾಗಿತ್ತು. ‘ನಿಮ್ಮ ನಾಯಿ ಒಳಗಿಂದ ತೋಳ’ ಅನ್ನೋ ಧಾಟಿಯ ಚಿತ್ರಗಳು ಚೀಲದ ಮೇಲೆ ಬಂದವು. ಮೊದಲು ಮೂಲೆಯಲ್ಲಿದ್ದ ಧಾನ್ಯರಹಿತ ಆಹಾರ ಮುಂದಿನ ಹತ್ತು ವರ್ಷದಲ್ಲಿ ಅಂಗಡಿಯ ನಡುವಿನ ಕಪಾಟಿಗೆ ಬಂತು.

ತೋಳದ ಮಾತಿಗೆ ಉತ್ತರ 2013ರಲ್ಲೇ ಬಂದಿತ್ತು. ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋಳ, ನಾಯಿಗಳ ವಂಶವಾಹಿ ಹೋಲಿಸಿದರು. ಪಿಷ್ಟ ಅರಗಿಸೋ ಕಿಣ್ವದ ಜೀನು ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳವರೆಗೆ ಇತ್ತು. ಮನುಷ್ಯನ ಒಲೆಯ ಪಕ್ಕ ಮಲಗಿ ಮಲಗಿ ಅದರ ಹೊಟ್ಟೆಯೂ ಒಕ್ಕಲುತನ ಕಲಿತಿದೆ. ನಮ್ಮ ಹೊಲದ ಮನೆಗಳಲ್ಲಿ ಮುದ್ದೆ, ಅಂಬಲಿ, ಮೊಸರನ್ನ ನೆಕ್ಕಿ ಬೆಳೆದ ನಾಯಿಗಳನ್ನ ನೋಡಿದವರಿಗೆ ಇದು ಹೊಸದೇನಲ್ಲ ಬಿಡಿ.

ಯಂತ್ರದ ವಿಷಯ ಮರೀಬೇಡಿ. ಧಾನ್ಯ ತೆಗೆದರೂ ಪಿಷ್ಟ ತೆಗೆಯೋಕಾಗಲ್ಲ, ಕಾಳು ಉಬ್ಬಲ್ಲ. ಆ ಜಾಗಕ್ಕೆ ಆಲೂಗಡ್ಡೆ, ಬಟಾಣಿ, ಕಡಲೆ, ಮಸೂರ ಬಂದವು. ಬೇಳೆಕಾಳಿನಿಂದ ಎರಡು ಲಾಭ, ಪಿಷ್ಟವೂ ಸಿಕ್ಕಿತು, ಮಾಂಸಕ್ಕಿಂತ ಅಗ್ಗದ ಪ್ರೋಟೀನೂ ಸಿಕ್ಕಿತು. ಇಲ್ಲೊಂದು ಪಟ್ಟಿಯ ಜಾಣತನ ಹೇಳಲೇಬೇಕು. ಪದಾರ್ಥಗಳನ್ನ ಬೇಯಿಸೋ ಮುಂಚಿನ ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು ಅನ್ನೋದು ಅಮೆರಿಕದ ನಿಯಮ. ಹಸಿ ಕೋಳಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರೋದರಿಂದ ಅದು ಸಲೀಸಾಗಿ ಮೊದಲ ಸ್ಥಾನಕ್ಕೆ ಬರುತ್ತೆ. ಬಟಾಣಿಯನ್ನ ಮಾತ್ರ ‘ಬಟಾಣಿ’, ‘ಬಟಾಣಿ ಪ್ರೋಟೀನ್’, ‘ಬಟಾಣಿ ನಾರು’ ಅಂತ ಮೂರು ತುಂಡು ಮಾಡಿ ಬರೆದರೆ ಒಂದೊಂದೂ ಕೆಳಗಿಳಿಯುತ್ತೆ. ಮೂರನ್ನೂ ಕೂಡಿಸಿ ನೋಡಿ, ಕೋಳಿಯ ಚಿತ್ರ ಇರೋ ಆ ಚೀಲ ಅಸಲಿಗೆ ಬಟಾಣಿ ಚೀಲ ಆಗಿರಬಹುದು.

2018ರ ಜುಲೈನಲ್ಲಿ ಅಮೆರಿಕದಲ್ಲಿರೋ ನನ್ನ ತಂಗಿ ಫೋನು ಮಾಡಿದಳು. ಅವಳ ಮನೆಯಲ್ಲಿ ಗೋಲ್ಡನ್ ರಿಟ್ರೀವರ್, ಮರಿಯಿಂದಲೂ ಧಾನ್ಯರಹಿತ ಚೀಲವೇ, ಅದೂ ದುಬಾರಿಯದು. ‘ಅಕ್ಕಾ, ಒಳ್ಳೇದು ಅಂತ ದುಪ್ಪಟ್ಟು ದುಡ್ಡು ಕೊಟ್ಟು ಇದನ್ನೇ ಹಾಕಿದ್ದೀನಿ. ಈಗ ಹಾರ್ಟ್ ಟೆಸ್ಟ್ ಮಾಡಿಸಿ ಅಂತಿದ್ದಾರೆ’ ಅಂದಳು. ಆ ತಿಂಗಳು 12ರಂದು ಎಫ್‌ಡಿಎ ಪ್ರಕಟಣೆ ಹೊರಡಿಸಿತ್ತು. ಬಟಾಣಿ, ಬೇಳೆಕಾಳು, ಆಲೂಗಡ್ಡೆ ಹೆಚ್ಚಿರೋ ಆಹಾರ ತಿನ್ನೋ ನಾಯಿಗಳಲ್ಲಿ ಹೃದಯದ ಸ್ನಾಯು ತೆಳುವಾಗಿ ಹೃದಯ ಹಿಗ್ಗೋ ಕಾಯಿಲೆಯ ವರದಿ ಬರ್ತಿವೆ, ತನಿಖೆ ಮಾಡ್ತಿದ್ದೇವೆ ಅಂತ. ಈ ಕಾಯಿಲೆ ಕೆಲವು ದೊಡ್ಡ ತಳಿಗಳಿಗೆ ವಂಶದಿಂದಲೇ ಬರುತ್ತೆ. ವೈದ್ಯರು ಬೆಚ್ಚಿದ್ದು ಅದು ಸಾಮಾನ್ಯವಾಗಿ ಬಾರದ ತಳಿಗಳಲ್ಲೂ ಕಂಡದ್ದಕ್ಕೆ. ತಂಗಿಯ ನಾಯಿಯ ಹೃದಯ ಸದ್ಯ ಚೆನ್ನಾಗಿತ್ತು. ರಿಪೋರ್ಟ್ ಬರೋವರೆಗಿನ ನಾಲ್ಕು ದಿನ ಅವಳು ಊಟ ಸರಿಯಾಗಿ ಮಾಡಿರಲಿಲ್ಲ ಅಂತ ಭಾವ ಆಮೇಲೆ ಹೇಳಿದರು.

ಅನುಮಾನ ಟಾರಿನ್ ಕಡೆ ಹೋಗೋಕೆ ಹಳೇ ಕಾರಣ ಇತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯನ್ ಮತ್ತು ಸಂಗಡಿಗರು ಬೆಕ್ಕುಗಳಲ್ಲಿ ಇದೇ ಕಾಯಿಲೆಗೆ ಆಹಾರದಲ್ಲಿ ಟಾರಿನ್ ಅನ್ನೋ ಅಂಶದ ಕೊರತೆಯೇ ಕಾರಣ ಅಂತ ತೋರಿಸಿದ್ದರು. ಕಂಪನಿಗಳು ಟಾರಿನ್ ಹೆಚ್ಚಿಸಿದವು, ಬೆಕ್ಕುಗಳಲ್ಲಿ ಆ ಕಾಯಿಲೆ ಅಪರೂಪವಾಯಿತು. ಈ ಇಡೀ ಇತಿಹಾಸದಲ್ಲಿ ಪ್ರಾಣಿಗೋಸ್ಕರವೇ ಆದ ಬದಲಾವಣೆ ಯಾವುದು ಅಂದರೆ ನಾನು ಇದನ್ನೇ ತೋರಿಸ್ತೀನಿ. ಆದರೆ ನಾಯಿಯ ಲೆಕ್ಕ ಅಷ್ಟು ಸಲೀಸಲ್ಲ. ನಾಯಿ ತನ್ನ ದೇಹದಲ್ಲೇ ಟಾರಿನ್ ತಯಾರಿಸಿಕೊಳ್ಳುತ್ತೆ, ಕಾಯಿಲೆ ಬಿದ್ದ ಎಷ್ಟೋ ನಾಯಿಗಳಲ್ಲಿ ಟಾರಿನ್ ಸರಿಯಾಗಿಯೇ ಇತ್ತು.

2019ರ ಜೂನ್‌ನಲ್ಲಿ ಎಫ್‌ಡಿಎ ಲೆಕ್ಕ ಕೊಟ್ಟಿತು: ನಾಯಿಗಳ ಬಗ್ಗೆ 515 ವರದಿ. ಅವುಗಳಲ್ಲಿ ಹೆಸರಿಸಿದ ಆಹಾರಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಧಾನ್ಯರಹಿತ, 93ರಲ್ಲಿ ಬಟಾಣಿ ಅಥವಾ ಮಸೂರ. ಹೆಚ್ಚು ವರದಿ ಬಂದ 16 ಬ್ರ್ಯಾಂಡುಗಳ ಹೆಸರನ್ನೂ ಹಾಕಿತು. ಕಂಪನಿಗಳು ಕೂಗಾಡಿದವು, ಸುದ್ದಿ ಕೇಳಿ ಹೆದರಿದವರೇ ವರದಿ ಮಾಡಿದರೆ ಅದೆಂಥ ಲೆಕ್ಕ ಅಂತ. ಆ ತಕರಾರಿನಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. 2022ರ ಡಿಸೆಂಬರ್‌ನಲ್ಲಿ ಇಲಾಖೆ, ಈ ವರದಿಗಳಿಂದ ಕಾರಣ ಸಾಬೀತಾಗೋದಿಲ್ಲ, ಗಟ್ಟಿಯಾದ ಹೊಸ ಮಾಹಿತಿ ಬರುವವರೆಗೆ ಇನ್ನು ಪ್ರಕಟಣೆ ಕೊಡಲ್ಲ ಅಂತ ಹೇಳಿ ಸುಮ್ಮನಾಯಿತು. ನನಗೆ ಆ ಮೌನ ಸರಿ ಕಾಣಲಿಲ್ಲ. ಹೆಸರು ಹಾಕಿ ಹೆದರಿಸಿದ ಮೇಲೆ ಸಾಕಿದವರನ್ನ ಹೀಗೆ ನಡುನೀರಿನಲ್ಲಿ ಬಿಡಬಾರದಿತ್ತು.

ಕಂಪನಿಗಳಂತೂ ಕಾಯುತ್ತಾ ಕೂರಲಿಲ್ಲ. ಹಲವು ಚೀಲಗಳಲ್ಲಿ ಬಟಾಣಿ ಕೆಳಗಿಳಿಯಿತು, ಟಾರಿನ್ ಸೇರಿತು, ಧಾನ್ಯ ವಾಪಸ್ ಬಂತು. ಗೋಧಿ, ಮೆಕ್ಕೆಜೋಳ ಅಂತ ಬರೆದರೆ ಜನ ಮತ್ತೆ ಮುಖ ತಿರುಗಿಸ್ತಾರಲ್ಲ, ಅದಕ್ಕೆ ಹೊಸ ಹೆಸರು ಸಿಕ್ಕಿತು: ಪ್ರಾಚೀನ ಧಾನ್ಯ. ಹೋದ ವರ್ಷ ತಂಗಿ ಅಂಥದ್ದೊಂದು ಚೀಲದ ಹಿಂಭಾಗದ ಫೋಟೊ ಕಳಿಸಿದ್ದಳು. ಕೋಳಿಯ ನಂತರ ‘ಸೋರ್ಗಮ್’, ಅಂದರೆ ನಮ್ಮ ಬಿಳಿಜೋಳದ ಜಾತಿಯದೇ. ಅದರ ಕೆಳಗೆ ‘ಮಿಲ್ಲೆಟ್’, ಅಂದರೆ ಸಿರಿಧಾನ್ಯ. ಕಲಬುರಗಿ, ವಿಜಯಪುರದ ಕಡೆ ನಾಯಿಗಳಿಗೆ ದಿನಾ ಬೀಳೋ ತಂಗಳು ರೊಟ್ಟಿ ಯಾವುದರದು ಅಂತ ಅವಳಿಗೂ ಗೊತ್ತು. ಫೋಟೊದ ಕೆಳಗೆ ಬರೆದಿದ್ದಳು: ‘ಇದು ಬಟಾಣಿದಕ್ಕಿಂತ ಹನ್ನೆರಡು ಡಾಲರ್ ಜಾಸ್ತಿ ಅಕ್ಕಾ.’