ಉಸಿರಿನ ಗಂಟು

ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಡಾಕ್ಟರನ್ನು ಯಾರೂ ಕರೆಯಲಿಲ್ಲ. ಓಣಿಯ ಹಿರಿಯಳೊಬ್ಬಳು ಬಂದು ಅಜ್ಜಿಯ ಮೂಗಿನ ಮುಂದೆ ಕೈ ಹಿಡಿದು ಸ್ವಲ್ಪ ಹೊತ್ತು ಕಾದಳು. "ಮುಗೀತವ್ವಾ" ಅಂದಳು. ಮನೆಯೆಲ್ಲ ಅಳು. ಉಸಿರಿದ್ದರೆ ಜೀವ, ಇಲ್ಲದಿದ್ದರೆ ಇಲ್ಲ. ಆ ಲೆಕ್ಕದಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಸುಮಾರು ಮೂವತ್ತು ವರ್ಷಗಳ ಮೇಲೆ, 2009ರಲ್ಲಿ, ಆ ಲೆಕ್ಕ ನನ್ನ ಕೈಯಲ್ಲೇ ತಪ್ಪಿತು. ಅಕ್ಕನ ಮಗ, ಇಪ್ಪತ್ತೆರಡರ ಹುಡುಗ, ಮೋಟರ್ ಸೈಕಲ್ಲಿನಿಂದ ಬಿದ್ದ. ತಲೆಗೆ ಪೆಟ್ಟು. ನಮ್ಮ ಕಡೆಯವರಿಗೆ ದೊಡ್ಡ ಬೇನೆಯೆಂದರೆ ಸೋಲಾಪುರ, ಇಲ್ಲವೆ ಮಿರಜ, ಸೋಲಾಪುರಕ್ಕೇ ಒಯ್ದೆವು. ಮೂರನೆಯ ದಿನ ಡಾಕ್ಟರರು ಹೊರಗೆ ಬಂದು "ಬ್ರೇನ್ ಡೆಡ್" ಎಂದರು, "ಎರಡು ಸಲ ಪರೀಕ್ಷೆ ಮಾಡಿದ್ದೇವೆ" ಎಂದರು, ಒಳಗೆ ಹೋದರು. ಎಂಥ ಪರೀಕ್ಷೆ, ಯಾಕೆ ಎರಡು ಸಲ, ಒಂದನ್ನೂ ಹೇಳಲಿಲ್ಲ.

ಅಕ್ಕ ಮಗನ ಎದೆಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ಎದಿ ಬಡಿಯಾಕತ್ತೈತಿ, ಮೈ ಬೆಚ್ಚಗ ಐತಿ. ಸತ್ತಾನ ಅಂತಾರಲ್ಲ, ನೀ ಓದಿದಾಕಿ, ಹೇಳಬೇ."

ನಾನು ಬಿ.ಎ., ಬಿ.ಎಡ್. ಆದಿಲಶಾಹಿ ಸುಲ್ತಾನರ ಹೆಸರು ಸಾಲಾಗಿ ಹೇಳಬಲ್ಲೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಕರೆದುಕೊಂಡು ಹೋಗೋಣವೆಂದು ಹಿರಿಯರು ನಿಶ್ಚಯಿಸಿದರು. ಮಿಷನ್ನು ಬಿಚ್ಚಿ, ಗಂಟಲಿನ ನಳಿಗೆಗೆ ಒಂದು ರಬ್ಬರಿನ ಚೀಲ ಹಚ್ಚಿಕೊಟ್ಟರು. ಹಿಚುಕಿದರೆ ಎದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ ದಾಟುವ ತನಕ ಅಕ್ಕನ ಮೈದುನ ಹಿಚುಕಿದ, ಆಮೇಲೆ ನಾನು. ಝಳಕಿ, ಹೊರ್ತಿ, ತಿಡಗುಂದಿ. ಊರು ಬಂದಾಗ ಬೆಳಗಿನ ಜಾವ. ಪಡಸಾಲೆಯಲ್ಲಿ ಮಲಗಿಸಿದ ಮೇಲೂ ನಾನು ಹಿಚುಕುತ್ತಲೇ ಇದ್ದೆ. ಮಾಮಾ ನನ್ನ ಹೆಗಲು ಮುಟ್ಟಿ "ಸಾಕು ತಂಗಿ, ಬಿಡು" ಎಂದರು. ಬಿಟ್ಟೆ.

ಬಿಟ್ಟ ಕೈ ನನ್ನದು. ಎಷ್ಟೋ ವರ್ಷ, ಪಾಟಿಯ ಮೇಲೆ ಬರೆಯುವಾಗಲೂ, ಆ ಕೈಯನ್ನು ನೋಡಿಕೊಂಡಿದ್ದೇನೆ.

ಇತಿಹಾಸ ಕಲಿಸುವವಳಿಗೆ ಗೊತ್ತಿರುವ ದಾರಿ ಒಂದೇ, ಹಿಂದಕ್ಕೆ ಹೋಗಿ ನೋಡುವುದು. ಮೊದಲು ನಮ್ಮ ಶಾಲೆಯ ವಿಜ್ಞಾನದ ಅಕ್ಕೋರನ್ನು ಹಿಡಿದೆ. ಹೂಕೋಸನ್ನು ನೆನೆಸಿಕೊಳ್ಳಿ ಎಂದರು ಅವರು. ಮೇಲಿನ ಹೂವೆಲ್ಲ ನಾವು ಮೆದುಳು ಎನ್ನುವುದು: ಮಾತು, ಲೆಕ್ಕ, ನೆನಪು, ಸಿಟ್ಟು. ಕೆಳಗಿನ ದಂಟು ಮೆದುಳಿನ ಕಾಂಡ, ಹೆಬ್ಬೆರಳಿನಷ್ಟು ದಪ್ಪ. ಅದರಲ್ಲಿ ಮಧ್ಯ ಮೆದುಳು, ಪಾನ್ಸ್, ಮೆಡುಲ್ಲಾ ಆಬ್ಲಾಂಗೇಟಾ ಎಂದು ಮೂರು ಭಾಗ. ನಮ್ಮನ್ನು ಎಚ್ಚರವಾಗಿಡುವುದು, ಕಣ್ಣು ಹೊರಳಿಸುವುದು, ನುಂಗುವುದು, ಕೆಮ್ಮುವುದು, ರಕ್ತದ ಒತ್ತಡ, ಉಸಿರು, ಎಲ್ಲ ಅಲ್ಲಿಂದ. ತಲೆಬುರುಡೆಯೊಳಗೆ ರಕ್ತ ಸೋರಿ ಮೆದುಳು ಬಾತರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ಕೆಳಗಿನ ತೂತಿನ ಕಡೆಗೆ ಒತ್ತುತ್ತದೆ, ದಂಟು ನಜ್ಜುಗುಜ್ಜಾಗುತ್ತದೆ. ಹೃದಯದ ಸಂಗತಿಯೇ ಬೇರೆ. ಅದರ ಬಡಿತ ಅದರೊಳಗೇ ಹುಟ್ಟುತ್ತದೆ, ಆಮ್ಲಜನಕ ಸಿಗುವವರೆಗೆ ಬಡಿಯುತ್ತದೆ. ಅಕ್ಕನ ಕೈಗೆ ಹತ್ತಿದ ಬಡಿತ ಸುಳ್ಳಾಗಿರಲಿಲ್ಲ.

ಉಸಿರಿನ ಜಾಗ ಇದೇ ಎಂದು ಮೊದಲು ತೋರಿಸಿದವನು ಫ್ರಾನ್ಸಿನ ಲೆಗಾಲ್ವಾ. ಮೊಲಗಳನ್ನು ಕೊಯ್ದು ನೋಡಿ 1812ರಲ್ಲಿ ಪುಸ್ತಕ ಬರೆದ. ಪಾಪದ ಮೊಲಗಳು. ಅವನ ನಂತರದ ಫ್ಲೂರಾನ್ಸ್ ಆ ಜಾಗವನ್ನು ಇನ್ನೂ ಕಿರಿದಾಗಿಸಿ ಅದಕ್ಕೆ "ಜೀವದ ಗಂಟು" ಎಂದು ಹೆಸರಿಟ್ಟ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1952ರ ಕೋಪನ್‌ಹೇಗನ್. ಡೆನ್ಮಾರ್ಕಿನ ಆ ಊರಿಗೆ ಆ ವರ್ಷ ಪೋಲಿಯೋ ಬಡಿಯಿತು. ನಾವು ಕಂಡ ಪೋಲಿಯೋ ಕಾಲು ಹಿಡಿಯುವಂಥದು; ಅಲ್ಲಿ ಎಷ್ಟೋ ಜನರಿಗೆ ಅದು ಮೆದುಳಿನ ಕಾಂಡಕ್ಕೇ ಏರಿತು. ನುಂಗಲಾರರು, ಉಸಿರಾಡಲಾರರು. ಮೊದಲ ಮೂರು ವಾರಗಳಲ್ಲಿ ಅಂಥ 31 ರೋಗಿಗಳಲ್ಲಿ 27 ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ತೂತು ಮಾಡಿ, ನಳಿಗೆ ಇಟ್ಟು, ರಬ್ಬರಿನ ಚೀಲ ಹಚ್ಚಿ ಕೈಯಿಂದ ಹಿಚುಕಿದ. ಹುಡುಗಿ ಬದುಕಿದಳು. ಮಿಷನ್ನುಗಳು ಎಲ್ಲಿಂದ ಬರಬೇಕು? ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲು ರಾತ್ರಿ, ತಿಂಗಳುಗಟ್ಟಲೆ ಚೀಲ ಹಿಚುಕಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಚೀಲ, ಅದೇ ಹಿಚುಕುವಿಕೆ. ಅವರ ಕೈಯಲ್ಲಿ ಮಕ್ಕಳು ಉಳಿದರು.

ವ್ಯತ್ಯಾಸ ತಿಳಿಯಲು ಇನ್ನಷ್ಟು ಓದಬೇಕಾಯಿತು. ಅಲ್ಲಿ ಎಷ್ಟೋ ಮಕ್ಕಳಿಗೆ ಉಸಿರಿನ ದಾರಿ ಮಾತ್ರ ಕೆಟ್ಟಿತ್ತು. ಬೇನೆ ಇಳಿಯುವ ತನಕ ಯಾರಾದರೂ ಅವರ ಬದಲು ಉಸಿರಾಡಿಸಿದರೆ ಸಾಕಿತ್ತು. ಮುಂದೆ ಆ ಕೈಗಳ ಕೆಲಸವನ್ನು ಮಿಷನ್ನುಗಳು ಮಾಡತೊಡಗಿದವು. ಹಾಗೆ ಮಾಡತೊಡಗಿದ ಮೇಲೆಯೇ ಜಗತ್ತು ಮೊದಲು ಕಂಡಿರದ ಒಂದು ಸ್ಥಿತಿ ಎದುರಾಯಿತು: ಕಾಂಡ ಪೂರ್ತಿ ಸತ್ತಿದೆ, ಮಿಷನ್ನಿನ ಗಾಳಿಯಿಂದ ಎದೆ ಬಡಿಯುತ್ತಿದೆ. 1959ರಲ್ಲಿ ಪ್ಯಾರಿಸಿನ ಇಬ್ಬರು ವೈದ್ಯರು ಇದನ್ನು ವಿವರಿಸಿದರು. 1968ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಸಮಿತಿ ಕೂತಿತು. 1976ರಲ್ಲಿ ಬ್ರಿಟನ್ನಿನ ವೈದ್ಯರು ಕಾಂಡವನ್ನೇ ಪರೀಕ್ಷಿಸಿದರೆ ಸಾಕೆಂದರು. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯಿದೆಯೂ "ಮೆದುಳಿನ ಕಾಂಡದ ಸಾವು" ಎಂಬ ಮಾತನ್ನೇ ಹಿಡಿಯಿತು. ನಾಲ್ವರು ವೈದ್ಯರು ಸಹಿ ಹಾಕಬೇಕು, ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ನೋಡಬೇಕು. ಕಣ್ಣಿಗೆ ಬೆಳಕು ಬಿಟ್ಟು, ಕಣ್ಣಗುಡ್ಡೆಗೆ ಹತ್ತಿ ತಾಗಿಸಿ, ಕಿವಿಗೆ ತಣ್ಣೀರು ಬಿಟ್ಟು, ಗಂಟಲು ಕೆಣಕಿ ನೋಡುತ್ತಾರೆ. ಕಡೆಗೆ ಮಿಷನ್ನು ಬಿಚ್ಚಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಏರಗೊಟ್ಟು, ಒಂದಾದರೂ ಉಸಿರು ತಾನಾಗಿ ಬರುವುದೋ ಎಂದು ಕಾಯುತ್ತಾರೆ. ನಮ್ಮ ಓಣಿಯ ಹಿರಿಯಳು ಕೈ ಹಿಡಿದು ಕಾದಿದ್ದೂ ಅದಕ್ಕೇ.

ಇಷ್ಟು ಎಚ್ಚರ ಬೇಕೇ ಎಂದರೆ ಬೇಕು. 1995ರಲ್ಲಿ ಫ್ರಾನ್ಸಿನ ಪತ್ರಕರ್ತ ಜಾನ್ ಡೊಮಿನಿಕ್ ಬೋಬಿಗೆ ಕಾಂಡದಲ್ಲಿ ಪಾರ್ಶ್ವವಾಯು ಹೊಡೆಯಿತು. ಮೈಯೆಲ್ಲ ಕಲ್ಲಾಯಿತು, ಮನಸ್ಸು ಪೂರ್ತಿ ಎಚ್ಚರವಿತ್ತು. ಎಡಗಣ್ಣಿನ ರೆಪ್ಪೆ ಬಡಿದು ಬಡಿದು ಒಂದು ಪುಸ್ತಕವನ್ನೇ ಬರೆಸಿದ.

ಸೋಲಾಪುರದಲ್ಲಿ ಆ ಡಾಕ್ಟರರು ಇದರಲ್ಲಿ ನಾಲ್ಕು ಮಾತನ್ನು ಅಕ್ಕನ ಹತ್ತಿರ ಕೂತು ಹೇಳಿದ್ದರೆ ಎಂದು ನನಗೆ ಇಂದಿಗೂ ಸಿಟ್ಟಿದೆ. ಐದು ನಿಮಿಷದ ಕೆಲಸ.

2021ರ ಜೂನ್ ತಿಂಗಳು. ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದರು. ಟಿ.ವಿ.ಯಲ್ಲಿ ಹೋದರು ಎನ್ನುವವರು ಕೆಲವರು, ಇನ್ನೂ ಇದ್ದಾರೆ ಎನ್ನುವವರು ಕೆಲವರು. ಅಂಗಾಂಗ ದಾನಕ್ಕೆ ಮನೆಯವರು ಒಪ್ಪಿದ್ದಾರೆಂಬ ಸುದ್ದಿ ಬಂತು. ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. "ಅವರ ಮನ್ಯಾಗ ಕೇಳ್ಯಾರ. ನಮ್ಮನ್ನ ಯಾರೂ ಕೇಳಲಿಲ್ಲ" ಅಂದಳು.

ಆ ದಿನ ಅವಳಿಗೆ ಎಲ್ಲ ಹೇಳಿದೆ. ಹೂಕೋಸು, ಮೊಲ, ಕೋಪನ್‌ಹೇಗನ್ನಿನ ಹುಡುಗರು. ತಲೆಯೆತ್ತದೆ ಕೇಳಿದಳು.

"ಅಂದ್ರ ಧೂಳಖೇಡ ದಾಟೂ ಮೊದಲನ ಹೋಗಿದ್ದನೇನು?"

"ಹೂಂ ಅಕ್ಕಾ. ಸೋಲಾಪುರದಾಗನ."

ಬಹಳ ಹೊತ್ತು ಸುಮ್ಮನಿದ್ದಳು. "ಮತ್ತ ಅಷ್ಟು ದೂರ ಯಾಕ ಹಿಚುಕಿದಿ?"

"ಮನಿಗಿ ಬರಬೇಕಿತ್ತಲ್ಲ ಅಂವ."

ಅಕ್ಕ ಮೊರವನ್ನು ನನ್ನ ಕಡೆ ಸರಿಸಿದಳು. ಕತ್ತಲಾಗುವವರೆಗೆ ಇಬ್ಬರೂ ಕೂಡಿ ಜೋಳ ಹಸನು ಮಾಡಿದೆವು.