ದಾಳಿಂಬೆಯ ದುಂಡಾಣು ಅಂಗಮಾರಿ

ದಾಳಿಂಬೆಯ ಎಲೆ, ಹೂ, ರೆಂಬೆ, ಕಾಯಿಗಳಿಗೆ ತಗಲುವ ಬ್ಯಾಕ್ಟೀರಿಯಾ ರೋಗ. ಕಾರಕ, ಕ್ಸಾಂಥೊಮೊನಾಸ್ ಕುಲದ ದುಂಡಾಣು. ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ದಶಕಗಳ ಕಾಲ ಯಾರೂ ದೊಡ್ಡದಾಗಿ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಈ ರೋಗ, 2000ದ ನಂತರ ಮಹಾರಾಷ್ಟ್ರ ಹಾಗೂ ಕರ್ನಾಟಕದ ದಾಳಿಂಬೆ ಸೀಮೆಯಲ್ಲಿ ಎಷ್ಟೋ ತೋಟಗಳನ್ನು ಬೇರುಸಹಿತ ಕೀಳಿಸಿತು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಬೆಳೆಗಾರರಿಗೆ ಇದರ ಪರಿಚಯ ಬೇಕಿಲ್ಲ. ಎಣ್ಣೆ ಅಂಟಿದಂತೆ ಕಾಣುವ ಕಲೆಯಿಂದಾಗಿ ಮರಾಠಿಯಲ್ಲಿ ಇದಕ್ಕೆ 'ತೇಲ್ಯಾ' ಎನ್ನುತ್ತಾರೆ.

ರೋಗದ ಎಲೆಯನ್ನು ಬಿಸಿಲಿಗೆ ಹಿಡಿದರೆ ಕಪ್ಪು ಚುಕ್ಕೆಯ ಸುತ್ತ ನೀರು ಹೀರಿದಂಥ ಅಂಚು ಕಾಣುತ್ತದೆ. ಕಾಯಿಯ ಮೇಲಿನ ಚುಕ್ಕೆಗಳು ಒಂದಕ್ಕೊಂದು ಕೂಡಿ, ಸಿಪ್ಪೆ ಅಡ್ಡಾದಿಡ್ಡಿ ಸೀಳುತ್ತದೆ. ಒಳಗಿನ ಕಾಳು ಕೆಂಪಗೆ ಚೆನ್ನಾಗಿದ್ದರೂ ಕಲೆಬಿದ್ದ ಕಾಯಿ ರಫ್ತಿಗೆ ನಡೆಯದು. ಭಗವಾ, ಗಣೇಶ್ ಸೇರಿ ವ್ಯಾಪಾರಕ್ಕೆ ಬೆಳೆಯುವ ತಳಿಗಳು ಇದಕ್ಕೆ ಬಗ್ಗುವಂಥವೇ.

ಮಳೆಹನಿ ಸಿಡಿದು ಗಿಡದಿಂದ ಗಿಡಕ್ಕೆ ರೋಗ ಹಬ್ಬುತ್ತದೆ. ಆದರೆ ಊರಿಂದೂರಿಗೆ ಅದನ್ನು ಹೊತ್ತೊಯ್ದವನು ಮನುಷ್ಯ. ರೋಗದ ತಾಯಿಗಿಡದಿಂದ ಕಟ್ಟಿದ ಗೂಟಿ ಸಸಿಗಳು (ರೆಂಬೆಯಲ್ಲೇ ಬೇರು ಬರಿಸಿ ಕತ್ತರಿಸಿ ತೆಗೆದವು) ಅಗ್ಗಕ್ಕೆ ಸಿಕ್ಕಾಗ ಅವುಗಳೊಂದಿಗೆ ರೋಗವೂ ಬಂದಿಳಿಯುತ್ತದೆ. ಸವರುವ ಕತ್ತರಿಯನ್ನು ಗಿಡ ಬದಲಾದಾಗಲೆಲ್ಲ ಸೋಂಕುನಿವಾರಕ ದ್ರಾವಣದಲ್ಲಿ ಅದ್ದಬೇಕೆಂಬ ಸಲಹೆ ಇದೆ. ಸಾವಿರ ಗಿಡ ಸವರುವ ಆಳಿಗೆ ಅದು ದಿನವಿಡೀ ನೆನಪಿರುವುದು ಕಷ್ಟ.

ಸಿಂಪರಣೆಗಿಂತ ಹಂಗಾಮಿನ ಆಯ್ಕೆಯೇ ಮುಖ್ಯವೆನ್ನಬಹುದು. ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಕೊಟ್ಟು ಹೂ ಬರಿಸುವ ಪದ್ಧತಿಗೆ 'ಬಹಾರ' ಎಂದು ಹೆಸರು. ಮೃಗಶಿರಾ ಮಳೆಯ ಹೊತ್ತಿನ ಮೃಗ ಬಹಾರದಲ್ಲಿ ಎಳೆಗಾಯಿ ಮುಂಗಾರಿಗೆ ಸಿಕ್ಕಿಬೀಳುತ್ತದೆ. ಹಸ್ತಾ ಮಳೆಯ ಸುಮಾರಿಗೆ ಹಿಡಿಯುವ ಹಸ್ತ ಬಹಾರದ ಕಾಯಿ ಒಣ ಚಳಿಗಾಲದಲ್ಲಿ ಬೆಳೆಯುವುದರಿಂದ ರೋಗ ಕಡಿಮೆ.

ಔಷಧಗಳಲ್ಲಿ ಹಳೆಯ ಶೇ. 1ರ ಬೋರ್ಡೊ ದ್ರಾವಣಕ್ಕೆ ಇಂದಿಗೂ ಜಾಗವಿದೆ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಹದ ನೋಡಲು ಕಬ್ಬಿಣದ ಚಾಕು ಅದ್ದುತ್ತಾರೆ. ಅಲಗಿಗೆ ಕೆಂಪು ಪೊರೆ ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು. ಉದುರಿದ ಎಲೆ, ಸೀಳಿದ ಕಾಯಿಗಳನ್ನು ಆರಿಸಿ ಸುಡಬೇಕು. ಬೆಲೆ ಬಿದ್ದು ಮಾಲೀಕ ಕೈಬಿಟ್ಟ ತೋಟದಲ್ಲಿ ಇದನ್ನು ಮಾಡುವವರಿಲ್ಲ. ಮುಂದಿನ ಮಳೆಗೆ ಪಕ್ಕದ ಹೊಲದವನಿಗೆ ರೋಗ ಬರುವುದು ಅಲ್ಲಿಂದಲೇ.